ಇರಾಕಿನ ಚಿತ್ರನಿರ್ದೇಶಕ ಮುಹಮ್ಮದ್ ಶುಕ್ರಿ ಜಮೀಲ್

ಒಂದು ನಾಡಿನ ಇತಿಹಾಸವನ್ನು ಚಲಚ್ಚಿತ್ರದಲ್ಲಿ ನಿರೂಪಿಸಹೊರಟ ಕಲಾವಿದನಿಗೆ ಎರಡು ಋಣಗಳುಂಟು: ಒಂದು, ನಡೆದ ಸಂಗತಿಗೆ, ಇನ್ನೊಂದು, ಚಿತ್ರಕ್ಕೆ ಹಣವನ್ನೊದಗಿಸಿದವರಿಗೆ. ಇವೆರಡೂ ಪರಸ್ಪರ ವಿರುದ್ಧವಾದಾಗ ಅವನು ಮಾಡಬೇಕಾದುದೇನು? ಈ ಪ್ರಶ್ನೆಯ ವಿಚಾರಕ್ಕೆ ಇರಾಕಿನ ಹಿರಿಯ ನಿರ್ದೇಶಕ ಮುಹಮ್ಮದ್ ಶುಕ್ರಿ ಜಮೀಲರ ಜೀವನಕಾರ್ಯವು ತಕ್ಕ ನಿದರ್ಶನವೆಂದು ನಾವು ಭಾವಿಸುತ್ತೇವೆ.

ಜಮೀಲರು 1930ರ ದಶಕದಲ್ಲಿ ಬಾಗ್ದಾದಿನಲ್ಲಿ ಜನಿಸಿದರು. ಬ್ರಿಟಿಷರ ಪ್ರಾಬಲ್ಯವಿದ್ದ ಇರಾಕ್ ಪೆಟ್ರೋಲಿಯಂ ಕಂಪನಿಯು 1950ರ ದಶಕದಲ್ಲಿ ಸಾಕ್ಷ್ಯಚಿತ್ರಗಳ ತಯಾರಿಕೆಗಾಗಿ ಒಂದು ಘಟಕವನ್ನು ನಡೆಸುತ್ತಿತ್ತು; ಅವರು ಈ ಕಲೆಯ ಮೊದಲ ಪಾಠಗಳನ್ನು ಕಲಿತದ್ದು ಅಲ್ಲಿಯೇ. ಪರಕೀಯರ ಸಂಸ್ಥೆಯಲ್ಲಿ ಪಡೆದ ವಿದ್ಯೆಯು ಮುಂದೆ ಪರಕೀಯರ ಆಳ್ವಿಕೆಯನ್ನು ವಿಮರ್ಶಿಸುವ ಸಾಧನವಾದುದು ಗಮನಾರ್ಹ. 1958ರ ಕ್ರಾಂತಿಯಲ್ಲಿ ಅರಸೊತ್ತಿಗೆ ಅಳಿಯಿತು. ಮರುವರ್ಷ ಚಲಚ್ಚಿತ್ರ ಮತ್ತು ರಂಗಭೂಮಿಗಳಿಗಾಗಿ ಸರ್ಕಾರಿ ಇಲಾಖೆಯೊಂದು ಹುಟ್ಟಿತು. ಬಂಡವಾಳ ವಿರಳವಾಗಿದ್ದ ಆ ದೇಶದಲ್ಲಿ ದೊಡ್ಡ ಚಿತ್ರಗಳಿಗೆ ಕ್ರಮೇಣ ಸರ್ಕಾರವೇ ಆಶ್ರಯದಾತನಾಯಿತು.

1970ರ ದಶಕದ ಆರಂಭದಲ್ಲಿ ಬಂದ ‘ಬಾಯಾರಿದವರು’ ಎಂಬ ಚಿತ್ರದಲ್ಲಿ ಜಮೀಲರು ಬರಗಾಲಕ್ಕೆ ಸಿಕ್ಕ ಹಳ್ಳಿಯೊಂದರ ನೀರಿನ ಹಂಬಲವನ್ನು ಚಿತ್ರಿಸಿದರು. ಅಬ್ದುಲ್ ರಹಮಾನ್ ಮಜೀದ್ ಅಲ್-ರುಬಾಯಿಯವರ ಕಾದಂಬರಿಯನ್ನು ಆಧರಿಸಿದ ‘ಗೋಡೆಗಳು’ ಚಿತ್ರವು ಅರಸೊತ್ತಿಗೆಯ ಕೊನೆಯ ವರ್ಷಗಳ ಬಾಗ್ದಾದನ್ನು ಕುರಿತದ್ದು. 1979ರಲ್ಲಿ ನಡೆದ ಡಮಾಸ್ಕಸ್ ಚಲಚ್ಚಿತ್ರೋತ್ಸವದಲ್ಲಿ ಇದಕ್ಕೆ ಅಗ್ರ ಪ್ರಶಸ್ತಿ ಲಭಿಸಿತು.

ಅವರ ಅತ್ಯಂತ ವಿಶಾಲವಾದ ಕೃತಿ 1983ರ ‘ಮಹಾಪ್ರಶ್ನೆ’. ಬ್ರಿಟಿಷರ ವಿರುದ್ಧ 1920ರಲ್ಲಿ ಇರಾಕಿನ ಜನರು ಎದ್ದ ದಂಗೆಯೇ ಇದರ ವಸ್ತು. ಆ ವರ್ಷದ ಆಗಸ್ಟಿನಲ್ಲಿ ಶೇಖ್ ಧಾರಿಯ ಕಡೆಯವರಿಂದ ಹತನಾದ ಕರ್ನಲ್ ಲೀಚ್‌ಮನ್ನನ ಪಾತ್ರವನ್ನು ಇಂಗ್ಲಿಷ್ ನಟ ಆಲಿವರ್ ರೀಡ್ ವಹಿಸಿದರು. ಈ ದಂಗೆಯನ್ನಡಗಿಸಲು ಬ್ರಿಟಿಷರು ಬಳಸಿದ ಸೈನ್ಯದಲ್ಲಿ ಭಾರತೀಯ ಸಿಪಾಯಿಗಳು ಬಹುಸಂಖ್ಯೆಯಲ್ಲಿದ್ದರೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಲಾಗದು. ಅಧೀನವಾದ ಒಂದು ದೇಶದ ಜನರಿಂದಲೇ ಇನ್ನೊಂದು ದೇಶವನ್ನು ಅಧೀನದಲ್ಲಿರಿಸುವ ಆ ನೀತಿಯು ನಮ್ಮ ಇತಿಹಾಸಕ್ಕೂ ಸೇರಿದುದು.

ಆದರೆ ಚಿತ್ರವು ಸಿದ್ಧವಾದ ಕಾಲವನ್ನೂ ಗಮನಿಸಬೇಕು. 1980ರಲ್ಲಿ ಆರಂಭವಾದ ಇರಾನ್–ಇರಾಕ್ ಯುದ್ಧವು ಆಗ ನಡೆಯುತ್ತಿತ್ತು. ಹಣವು ಸದ್ದಾಂ ಹುಸೇನರ ಸರ್ಕಾರದ್ದು. ಹಿಂದಿನ ವಿಮೋಚನೆಯ ಕಥೆಯನ್ನು ಹೇಳುವುದು ಇಂದಿನ ಅಧಿಕಾರಕ್ಕೆ ಸಮರ್ಥನೆಯನ್ನೂ ಒದಗಿಸಬಲ್ಲುದು. ವಿದೇಶೀಯರ ದಬ್ಬಾಳಿಕೆಯನ್ನು ತೋರಿಸಲು ನಿರ್ದೇಶಕನಿಗೆ ಅಡ್ಡಿಯಿರಲಿಲ್ಲ. ಸ್ವದೇಶೀಯ ದಬ್ಬಾಳಿಕೆಯನ್ನು ತೋರಿಸುವ ಸ್ವಾತಂತ್ರ್ಯವು ಆ ವ್ಯವಸ್ಥೆಯಲ್ಲಿರಲಿಲ್ಲ.

1993ರ ‘ರಾಜ ಘಾಜಿ’ಯಲ್ಲಿ ಈ ತೊಡಕು ಇನ್ನೂ ಸ್ಪಷ್ಟ. 1933ರಿಂದ 1939ರವರೆಗೆ ಆಳಿ ಮೋಟಾರು ಅಪಘಾತದಲ್ಲಿ ಮಡಿದ ಘಾಜಿಯು ಕುವೈತ್ ಇರಾಕಿಗೆ ಸೇರಬೇಕೆಂದು ವಾದಿಸಿದ್ದವನು. 1990ರಲ್ಲಿ ಕುವೈತನ್ನು ಆಕ್ರಮಿಸಿ ಮರುವರ್ಷ ಸೋತ ಸರ್ಕಾರಕ್ಕೆ ಈ ವಸ್ತುವು ಪ್ರಿಯವೆನಿಸಿದುದು ಸಹಜ. ಅದೇ ಕಾಲದಲ್ಲಿ ವಿಶ್ವಸಂಸ್ಥೆಯ ನಿರ್ಬಂಧಗಳಿಂದ ಫಿಲ್ಮಿನ ಸುರುಳಿಯೂ ಸಂಸ್ಕರಣದ ರಾಸಾಯನಿಕಗಳೂ ದುರ್ಲಭವಾಗಿ, ಇರಾಕಿನ ಚಿತ್ರೋದ್ಯಮವು ಬಹುಮಟ್ಟಿಗೆ ಸ್ತಬ್ಧವಾಯಿತು.

ಹೀಗಿರಲು ಈ ಚಿತ್ರಗಳನ್ನು ಕೇವಲ ಪ್ರಚಾರವೆಂದು ತಳ್ಳಿಹಾಕುವುದು ಉಚಿತವಲ್ಲ. ನಿರ್ಮಲ ಇತಿಹಾಸವೆಂದು ನಂಬುವುದೂ ಸಲ್ಲದು. ಅವು ಏಕಕಾಲದಲ್ಲಿ ಎರಡು ಯುಗಗಳಿಗೆ ಸಾಕ್ಷಿ ನುಡಿಯುತ್ತವೆ: ತಾವು ಚಿತ್ರಿಸಿದ ಯುಗಕ್ಕೆ, ಮತ್ತು ತಮ್ಮನ್ನು ನಿರ್ಮಿಸಿದ ಯುಗಕ್ಕೆ. ಈ ಎರಡು ಸಾಕ್ಷ್ಯಗಳನ್ನೂ ಬೇರೆಬೇರೆಯಾಗಿ ಕೇಳಿ ತೂಗಿ ನೋಡುವುದು ಅಧ್ಯಯನಶೀಲನ ಕರ್ತವ್ಯ.