ಸರದಿಯೂ ಸವಾಲೂ

ಭೀಮಾ ನದಿಯ ದಂಡೆಯಲ್ಲಿರುವ ಅಫಜಲಪುರ ಸೀಮೆಯ ಯಾವುದಾದರೊಂದು ಊರಿನ ಶಾಲೆಯ ಬಯಲಿಗೆ ಸಂಜೆಯ ಹೊತ್ತಿನಲ್ಲಿ ಹೋಗಿ ನಿಂತರೆ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಖೊಖೊ ಆಟಕ್ಕೋ ಕಬಡ್ಡಿಗೋ ಹುಡುಗಿಯರು ನೆರೆದಿರುತ್ತಾರೆ. ಇಬ್ಬರು ನಾಯಕಿಯರಾಗಿ ನಿಲ್ಲುತ್ತಾರೆ. ಉಳಿದವರು ಸರಿಸಮಾನ ಶಕ್ತಿಯವರನ್ನು ನೋಡಿಕೊಂಡು ಜೋಡಿ ಜೋಡಿಯಾಗಿ ದೂರ ಸರಿದು, ಕಿವಿಯಲ್ಲಿ ಪಿಸುಗುಟ್ಟಿ, ತಮಗೊಂದು ಗುಟ್ಟಿನ ಹೆಸರನ್ನು ಇಟ್ಟುಕೊಂಡು ಬರುತ್ತಾರೆ. “ಮಲ್ಲಿಗಿ ಬೇಕೋ, ಸೇವಂತಿಗಿ ಬೇಕೋ?” ಎಂದು ಕೇಳುತ್ತಾರೆ. ನಾಯಕಿ ಒಂದು ಹೂವಿನ ಹೆಸರು ಹೇಳುತ್ತಾಳೆ. ಆ ಹೂವಾದವಳು ಅವಳ ಕಡೆಗೆ, ಇನ್ನೊಬ್ಬಳು ಎದುರಿನ ಕಡೆಗೆ. ಯಾರೂ ಮುಖ ನೋಡಿ ಆರಿಸಿದ್ದಲ್ಲ. ಆದುದರಿಂದ ಕೊನೆಗೆ ಯಾರಿಗೂ ಬೇಡವಾಗಿ ಒಬ್ಬಳೇ ನಿಲ್ಲುವ ಸಂಕಟವೂ ಇಲ್ಲ, ಬಲ್ಲವರೆಲ್ಲ ಒಂದೇ ಕಡೆ ಸೇರಿ ಆಟ ಕೆಡುವ ಭಯವೂ ಇಲ್ಲ.

ಈ ಪದ್ಧತಿಯನ್ನು ಕಂಡುಹಿಡಿದವರು ಯಾರೋ ತಿಳಿಯದು. ಆದರೆ ಹಣದ ಹೊಳೆಯೇ ಹರಿಯುವ ದೊಡ್ಡ ದೊಡ್ಡ ಕ್ರೀಡಾಸಂಸ್ಥೆಗಳು ಇದೇ ಸಮಸ್ಯೆಯನ್ನು ಬಿಡಿಸಲು ಇಂದಿಗೂ ತಲೆ ಕೆಡಿಸಿಕೊಳ್ಳುತ್ತಿವೆ. ತಂಡಗಳನ್ನು ಹೇಗೆ ಕಟ್ಟಬೇಕು? ಯಾರು ಯಾರನ್ನು ಆರಿಸಬೇಕು? ಆರಿಸಲ್ಪಡುವವಳ ಇಚ್ಛೆಗೆ ಎಷ್ಟು ಬೆಲೆ? ಮಹಿಳೆಯರ ಆಟಗಳಲ್ಲಿ ಈ ಪ್ರಶ್ನೆಗಳಿಗೆ ದೊರೆತಿರುವ ಎರಡು ಉತ್ತರಗಳನ್ನು ಇಲ್ಲಿ ನೋಡೋಣ. ಒಂದು ಸರದಿಯ ಆಯ್ಕೆ, ಇನ್ನೊಂದು ಹರಾಜು.

ಸರದಿಯ ಆಯ್ಕೆ ಅಮೆರಿಕದ ಪದ್ಧತಿ. ಅದಕ್ಕೆ ಅಲ್ಲಿ ಡ್ರಾಫ್ಟ್ ಎನ್ನುತ್ತಾರೆ. 1891ರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಹಣ್ಣಿನ ಬುಟ್ಟಿಗಳನ್ನು ಮೊಳೆ ಹೊಡೆದು ತೂಗುಹಾಕಿ ಬಾಸ್ಕೆಟ್‌ಬಾಲ್ ಆಟವನ್ನು ಆರಂಭಿಸಿದರು. ಮರುವರ್ಷವೇ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಅದನ್ನು ತಮ್ಮ ಕಾಲೇಜಿನ ಹೆಣ್ಣುಮಕ್ಕಳಿಗೆ ಕಲಿಸಿದರು. ಹೀಗೆ ಆಟ ಹುಟ್ಟಿದೊಡನೆ ಹೆಣ್ಣುಮಕ್ಕಳ ಕೈಗೂ ಚೆಂಡು ಬಂದಿತಾದರೂ, ಆ ಆಟದಿಂದಲೇ ಜೀವನ ನಡೆಸಬಲ್ಲ ಮಹಿಳೆಯರ ಲೀಗ್ ಅಲ್ಲಿ ಗಟ್ಟಿಯಾಗಿ ನೆಲೆಗೊಳ್ಳಲು ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಡಬ್ಲ್ಯುಎನ್‌ಬಿಎ ಎಂಬ ಆ ಲೀಗ್ ಎಂಟು ತಂಡಗಳೊಡನೆ ಆಡಲಾರಂಭಿಸಿದ್ದು 1997ರ ಜೂನ್ ತಿಂಗಳಿನಲ್ಲಿ. ಆ ವರ್ಷದ ಏಪ್ರಿಲ್ ತಿಂಗಳ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲು ಕರೆಯಲ್ಪಟ್ಟ ಹೆಸರು ಟೀನಾ ಥಾಮ್ಸನ್. ಕರೆದುಕೊಂಡದ್ದು ಹ್ಯೂಸ್ಟನ್ ನಗರದ ತಂಡ.

ಈ ಏರ್ಪಾಡಿನ ಮರ್ಮ ಸರಳವಾದುದು. ಹಿಂದಿನ ವರ್ಷಗಳಲ್ಲಿ ಹೆಚ್ಚು ಸೋತ ತಂಡಗಳಿಗೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯ ಸರದಿ. ಊಟದ ಪಂಕ್ತಿಯಲ್ಲಿ ಹಸಿದವನಿಗೆ ಮೊದಲು ಬಡಿಸಿದಂತೆ. ಕಾಲೇಜು ಮುಗಿಸಿ ಬಂದ ಉತ್ತಮ ಆಟಗಾರ್ತಿ ದುರ್ಬಲ ತಂಡಕ್ಕೆ ಸೇರುವುದರಿಂದ ಕೆಲವು ವರ್ಷಗಳಲ್ಲಿ ಬಲಾಬಲ ಸಮನಾಗುತ್ತದೆ ಎಂಬುದು ಎಣಿಕೆ. ಆದರೆ ಮನುಷ್ಯಬುದ್ಧಿ ಸುಮ್ಮನಿರುವುದೇ? ಸೋತರೆ ಮೊದಲ ಆಯ್ಕೆ ಸಿಗುವುದಾದರೆ ಸೋಲುವುದೇ ಲಾಭವಲ್ಲವೇ ಎಂದು ಯಾವುದಾದರೂ ತಂಡ ಯೋಚಿಸಬಹುದು. ಅದನ್ನು ತಡೆಯಲು ಚೀಟಿ ಎತ್ತುವ ಕ್ರಮವೊಂದನ್ನು ಸೇರಿಸಿದರು. ಹದಿನಾಲ್ಕು ಚೆಂಡುಗಳಲ್ಲಿ ನಾಲ್ಕನ್ನು ಯಂತ್ರದಿಂದ ಹೊರತೆಗೆಯುತ್ತಾರೆ. ಹಾಗೆ ತೆಗೆಯಬಹುದಾದ ಬಗೆಗಳು 1001. ಇದು ಹೇಗೆಂಬುದನ್ನು ನೀವು ಮುಂದೆ ಗಣಿತದಲ್ಲಿ ಕಲಿಯುವಿರಿ. ಅವುಗಳಲ್ಲಿ ಒಂದನ್ನು ಬಿಟ್ಟು ಉಳಿದ ಸಾವಿರವನ್ನು ಕೆಳಗಿನ ಸ್ಥಾನದ ತಂಡಗಳಿಗೆ ಹಂಚಿರುತ್ತಾರೆ. ಹೆಚ್ಚು ಸೋತವರ ಪಾಲಿಗೆ ಹೆಚ್ಚು ಬಗೆಗಳು. ಅವಕಾಶ ಅಧಿಕವಾದರೂ ಖಚಿತವಲ್ಲ. ಸೋಲನ್ನು ಲೆಕ್ಕಹಾಕುವಾಗಲೂ ಒಂದು ವರ್ಷದ್ದನ್ನಲ್ಲ, ಎರಡು ವರ್ಷಗಳದ್ದನ್ನು ಕೂಡಿಸಿ ನೋಡುತ್ತಾರೆ.

2024ರಲ್ಲಿ ಲೀಗ್‌ನಲ್ಲಿ ಹನ್ನೆರಡು ತಂಡಗಳಿದ್ದವು. ಮೂರು ಸುತ್ತುಗಳಲ್ಲಿ ಒಟ್ಟು 36 ಹೆಸರುಗಳನ್ನು ಕರೆಯಲಾಯಿತು. ಮೊದಲನೆಯವಳು ಕೇಟ್ಲಿನ್ ಕ್ಲಾರ್ಕ್. ಆಕೆಯನ್ನು ಪಡೆದ ಇಂಡಿಯಾನಾ ತಂಡ 2016ರಿಂದೀಚೆಗೆ ಕೊನೆಯ ಹಂತದ ಪಂದ್ಯಗಳನ್ನೇ ಕಂಡಿರಲಿಲ್ಲ. ಆ ವರ್ಷ ಕಂಡಿತು. ಆದರೆ ಇನ್ನೊಂದು ಲೆಕ್ಕವೂ ಇದೆ. ಆ ವರ್ಷ ಒಂದು ತಂಡದಲ್ಲಿ ಹೆಚ್ಚೆಂದರೆ ಹನ್ನೆರಡು ಜನರಿರಬಹುದಾಗಿತ್ತು. ಎಂದರೆ ಇಡೀ ಲೀಗ್‌ನಲ್ಲಿ ಇದ್ದದ್ದು 144 ಸ್ಥಾನಗಳು, ಅವೂ ಬಹುತೇಕ ತುಂಬಿದವು. ಆದುದರಿಂದ ವೇದಿಕೆಯ ಮೇಲೆ ಹೆಸರು ಕರೆಸಿಕೊಂಡು ಹಾರ್ದಿಕವಾಗಿ ನಕ್ಕ ಹುಡುಗಿಯರಲ್ಲಿ ಅನೇಕರು ತರಬೇತಿಯ ಕಾಲ ಮುಗಿಯುವುದರೊಳಗೆ ಮನೆಗೆ ಮರಳುತ್ತಾರೆ. ಮೊದಲನೆಯವಳಿಗೂ ಮೊದಲ ವರ್ಷದ ಸಂಬಳ ನಿಗದಿಯಾದುದೇ. 2024ರಲ್ಲಿ ಅದು 76,535 ಡಾಲರು, ಅಂದಿನ ಲೆಕ್ಕದಲ್ಲಿ ಸುಮಾರು 64 ಲಕ್ಷ ರೂಪಾಯಿ. ಯಾವ ಊರಿಗೆ ಹೋಗಬೇಕೆಂದು ಆಕೆಯನ್ನು ಯಾರೂ ಕೇಳುವುದಿಲ್ಲ. ತಂಡಗಳಿಗೆ ನ್ಯಾಯ ಒದಗಿಸುವ ಈ ಪದ್ಧತಿ ಆಟಗಾರ್ತಿಯ ಮಾತನ್ನು ಅಷ್ಟಾಗಿ ಕೇಳುವುದಿಲ್ಲವೆಂದೇ ನನಗೆ ತೋರುತ್ತದೆ.

ನಮ್ಮ ದೇಶದಲ್ಲಿ ಆರಿಸಿಕೊಂಡದ್ದು ಹರಾಜಿನ ದಾರಿ. ನಮ್ಮ ಕಡೆ ಇದನ್ನು ಸವಾಲು ಎಂದೂ ಹೇಳುತ್ತೇವೆ. ಕಲಬುರಗಿ ಜಿಲ್ಲೆ ತೊಗರಿಯ ಕಣಜ. ಮಾರುಕಟ್ಟೆಯ ಅಂಗಳದಲ್ಲಿ ತೊಗರಿಯ ರಾಶಿಯ ಮುಂದೆ ವ್ಯಾಪಾರಿಗಳು ಬೆಲೆ ಏರಿಸುವುದನ್ನು, ಪಕ್ಕದಲ್ಲಿ ರೈತ ಉಸಿರು ಬಿಗಿಹಿಡಿದು ನಿಂತಿರುವುದನ್ನು ನೀವು ಕಂಡಿರಬಹುದು. ಹಾಗೆಯೇ ಮನುಷ್ಯರ ಹೆಸರಿನ ಮೇಲೆ ಬೆಲೆ ಕೂಗುವುದು ಸರಿಯೇ? ಮೊದಲ ಬಾರಿ ಕೇಳಿದಾಗ ನನಗೂ ಮುಜುಗರವಾಯಿತು. ಆದರೆ ತೊಗರಿಯ ಹಣ ತೊಗರಿಗೆ ಸೇರುವುದಿಲ್ಲ. ಇಲ್ಲಿ ಕೂಗಿದ ಹಣ ಆಟಗಾರ್ತಿಯ ಕೈಗೇ ಸೇರುವ ಸಂಬಳ. ತಾನು ಇಷ್ಟಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲವೆಂದು ಮೂಲಬೆಲೆಯನ್ನು ಸೂಚಿಸಿ ಹೆಸರು ಕೊಟ್ಟವಳೂ ಆಕೆಯೇ. ಈ ವ್ಯತ್ಯಾಸ ಚಿಕ್ಕದಲ್ಲ.

ಇದು ಚಿಕ್ಕದಲ್ಲವೆಂಬುದು ಹಿಂದಿನ ದಿನಗಳನ್ನು ನೆನೆದರೆ ಇನ್ನೂ ಸ್ಪಷ್ಟವಾಗುತ್ತದೆ. 1976ರಲ್ಲಿ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನಾಡಿದಾಗ ನಾಯಕಿಯಾಗಿದ್ದವರು ನಮ್ಮ ಕರ್ನಾಟಕದ ಶಾಂತಾ ರಂಗಸ್ವಾಮಿ. ಆ ತಲೆಮಾರಿನವರು ಕಾಯ್ದಿರಿಸದ ರೈಲುಡಬ್ಬಿಗಳಲ್ಲಿ ಪ್ರಯಾಣ ಮಾಡಿ, ಸಾಮಾನ್ಯ ವಸತಿಗಳ ನೆಲದ ಮೇಲೆ ಮಲಗಿ ಆಡಿದವರು. ಅವರಿಗೆ ಸಂಬಳದ ಮಾತೇ ಇರಲಿಲ್ಲ. ಪುರುಷರ ಲೀಗ್‌ಗೆ ಹರಾಜು ಆರಂಭವಾದದ್ದು 2008ರಲ್ಲಿ. ಮಹಿಳೆಯರು ಮತ್ತೆ ಹದಿನೈದು ವರ್ಷ ಕಾಯಬೇಕಾಯಿತು.

ಮಹಿಳಾ ಪ್ರೀಮಿಯರ್ ಲೀಗ್‌ನ ಮೊದಲ ಹರಾಜು 2023ರ ಫೆಬ್ರುವರಿ 13ರಂದು ಮುಂಬಯಿಯಲ್ಲಿ ನಡೆಯಿತು. ಹರಾಜು ಕೂಗಿದವರೂ ಮಹಿಳೆಯೇ, ಮಲ್ಲಿಕಾ ಸಾಗರ್. ಐದು ತಂಡಗಳು. ಒಂದೊಂದರ ಕೈಯಲ್ಲಿಯೂ ಹನ್ನೆರಡು ಕೋಟಿ ರೂಪಾಯಿ. ಅದಕ್ಕಿಂತ ಒಂದು ಕಾಸೂ ಹೆಚ್ಚು ಖರ್ಚು ಮಾಡುವಂತಿಲ್ಲ. ಡ್ರಾಫ್ಟ್‌ನಲ್ಲಿ ಸರದಿ ಮಾಡುವ ಕೆಲಸವನ್ನು ಇಲ್ಲಿ ಈ ಮಿತಿ ಮಾಡುತ್ತದೆ. ಒಬ್ಬಳಿಗೆ ಹೆಚ್ಚು ಸುರಿದವರು ಉಳಿದವರಿಗೆ ಕೈ ಬಿಗಿಹಿಡಿಯಲೇಬೇಕು. ಒಂದು ತಂಡಕ್ಕೆ ಹದಿನೈದಕ್ಕೆ ಕಡಿಮೆಯಿಲ್ಲದಂತೆ, ಹದಿನೆಂಟಕ್ಕೆ ಮೀರದಂತೆ ಆಟಗಾರ್ತಿಯರು. ಮೊದಲು ಬಂದ ಹೆಸರು ಸ್ಮೃತಿ ಮಂಧಾನ. ಐವತ್ತು ಲಕ್ಷದಿಂದ ಆರಂಭವಾದ ಕೂಗು 3 ಕೋಟಿ 40 ಲಕ್ಷಕ್ಕೆ ನಿಂತು, ಆಕೆ ಬೆಂಗಳೂರಿನ ತಂಡದವಳಾದಳು. ಭಾರತ ತಂಡ ಆಗ ವಿಶ್ವಕಪ್ ಪಂದ್ಯಗಳಿಗಾಗಿ ದಕ್ಷಿಣ ಆಫ್ರಿಕದಲ್ಲಿತ್ತು. ಹಿಂದಿನ ದಿನವಷ್ಟೇ ಪಾಕಿಸ್ತಾನವನ್ನು ಸೋಲಿಸಿದ್ದ ಗೆಳತಿಯರೆಲ್ಲ ಒಟ್ಟಿಗೆ ಕುಳಿತು ದೂರದರ್ಶನದ ತೆರೆಯ ಮೇಲೆ ತಮ್ಮ ತಮ್ಮ ಹೆಸರಿಗಾಗಿ ಕಾದರು. ಅಂದು ಸಂಜೆಯ ಹೊತ್ತಿಗೆ 87 ಮಂದಿಗೆ ತಂಡಗಳು ದೊರೆತಿದ್ದವು. ನೆರೆಯ ವಿಜಯಪುರದ ರಾಜೇಶ್ವರಿ ಗಾಯಕವಾಡ 40 ಲಕ್ಷಕ್ಕೆ ಉತ್ತರ ಪ್ರದೇಶದ ತಂಡ ಸೇರಿದರು. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಬರಿಯ 15 ಓಟಗಳಿಗೆ ಐದು ವಿಕೆಟ್ ಕಿತ್ತವರು ಇವರೇ.

ಬೇಡಿಕೆ ಬಾರದೆ ಉಳಿದವರೂ ಇದ್ದರು. ಕಡೂರಿನ ವೇದಾ ಕೃಷ್ಣಮೂರ್ತಿ ಭಾರತಕ್ಕಾಗಿ ವಿಶ್ವಕಪ್ ಫೈನಲ್ ಆಡಿದ್ದವರು. ಅವರ ಹೆಸರು ಕರೆದಾಗ ಯಾವ ಮೇಜಿನಿಂದಲೂ ಕೈ ಮೇಲೇಳಲಿಲ್ಲ. ಬಯಲಿನ ಹುಡುಗಿಯರು ಮಲ್ಲಿಗೆ ಸೇವಂತಿಗೆಗಳ ಮರೆಯಲ್ಲಿ ಅಡಗಿಸಿಟ್ಟ ನೋವು ಇಲ್ಲಿ ದೇಶವೆಲ್ಲ ನೋಡುವಂತೆ ಬಯಲಾಗುತ್ತದೆ. ಮುಂದಿನ ಹರಾಜಿನಲ್ಲಿ, 2023ರ ಡಿಸೆಂಬರಿನಲ್ಲಿ, ಗುಜರಾತಿನ ತಂಡ ಅವರನ್ನು 30 ಲಕ್ಷಕ್ಕೆ ಕರೆದುಕೊಂಡಿತು. ಅದೇ ದಿನ, ಭಾರತದ ಪರವಾಗಿ ಇನ್ನೂ ಆಡಿಯೇ ಇರದಿದ್ದ ಕರ್ನಾಟಕದ ವೃಂದಾ ದಿನೇಶ್ ಅವರಿಗೆ 1 ಕೋಟಿ 30 ಲಕ್ಷ ಕೂಗಲಾಯಿತು. ಬೆಲೆ ಎಂಬುದು ಯೋಗ್ಯತೆಯ ಅಳತೆಯಲ್ಲ. ಆ ಗಳಿಗೆಯಲ್ಲಿ ಆ ಕೋಣೆಯಲ್ಲಿ ಯಾರಿಗೆ ಏನು ಬೇಕಾಗಿತ್ತು ಎಂಬುದರ ಅಳತೆ.

ಇದಕ್ಕೆ ನಮ್ಮ ಕಲಬುರಗಿಯಲ್ಲಿಯೇ ಹುಟ್ಟಿದ ಶ್ರೇಯಾಂಕಾ ಪಾಟೀಲರಿಗಿಂತ ಒಳ್ಳೆಯ ನಿದರ್ಶನವಿಲ್ಲ. ಮೊದಲ ಹರಾಜಿನಲ್ಲಿ ಇಪ್ಪತ್ತು ವರ್ಷದ ಈಕೆಯನ್ನು ಬೆಂಗಳೂರು ತಂಡ 10 ಲಕ್ಷಕ್ಕೆ ಪಡೆಯಿತು. ಅದು ಎಲ್ಲಕ್ಕಿಂತ ಕೆಳಗಿನ ಮೂಲಬೆಲೆ. ಅದರ ಮೇಲೆ ಒಂದು ರೂಪಾಯಿಯನ್ನೂ ಯಾರೂ ಕೂಗಲಿಲ್ಲ. 2023ರ ಡಿಸೆಂಬರಿನಲ್ಲಿ ಈಕೆ ಭಾರತದ ಪರವಾಗಿ ಕಣಕ್ಕಿಳಿದಳು. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಲೀಗ್‌ನ ಫೈನಲ್ ಪಂದ್ಯ. ಶ್ರೇಯಾಂಕಾ 12 ಓಟಗಳನ್ನು ಕೊಟ್ಟು ನಾಲ್ಕು ವಿಕೆಟ್ ಕಿತ್ತಳು. ಎದುರಾಳಿ 113ಕ್ಕೆ ಕುಸಿಯಿತು. ಬೆಂಗಳೂರು ತಂಡ ಮೊದಲ ಬಾರಿಗೆ ಕಪ್ ಎತ್ತಿತು. ಆ ವರ್ಷ ಲೀಗ್‌ನಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್, ಹದಿಮೂರು, ಪಡೆದವಳೂ ಆ ಹತ್ತು ಲಕ್ಷದ ಹುಡುಗಿಯೇ.

ಮರುವರ್ಷ ಗಾಯದ ಕಾರಣ ಆಕೆ ಇಡೀ ಲೀಗ್‌ನಿಂದ ಹೊರಗುಳಿಯಬೇಕಾಯಿತು. ಬಹುಕಾಲ ಚೆಂಡನ್ನೇ ಮುಟ್ಟದೆ ಕಳೆದವಳನ್ನು ತಂಡ ಕೈಬಿಡಬಹುದಾಗಿತ್ತು. 2025ರ ನವೆಂಬರಿನಲ್ಲಿ ದೊಡ್ಡ ಹರಾಜಿಗೆ ಮುನ್ನ ಪ್ರತಿ ತಂಡವೂ ಕೆಲವೇ ಆಟಗಾರ್ತಿಯರನ್ನು ಉಳಿಸಿಕೊಂಡು ಉಳಿದವರನ್ನು ಬಿಡಬೇಕಾಗಿ ಬಂದಿತು. ಬೆಂಗಳೂರು ತಂಡ ಉಳಿಸಿಕೊಂಡದ್ದು ನಾಲ್ವರನ್ನು. ನಾಲ್ಕನೆಯ ಹೆಸರು ಶ್ರೇಯಾಂಕಾ ಪಾಟೀಲ, 60 ಲಕ್ಷ ರೂಪಾಯಿ.