ಇಂಜಿನ್ನಿಗೆ ಉಸಿರು ತುಂಬುವ ಬಗೆ

ಕನ್ನಡ ಮೇಷ್ಟರಿಗೆ ಇಂಜಿನ್ನಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಕಾರಣ ಒಂದು ಚೀಟಿ. ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ ನಮ್ಮ ಶಾಲೆಯ ಹುಡುಗನೊಬ್ಬನ ತಂದೆ ಬಂದು ಬಾಗಿಲಲ್ಲಿ ನಿಂತರು. "ಇದ್ರಲ್ಲಿ ಏನ್ ಬರ್ದವ್ರೆ, ಒಸಿ ಓದೇಳಿ ಮೇಷ್ಟ್ರೇ" ಎಂದು ಮಡಿಸಿದ ಕಾಗದವೊಂದನ್ನು ಕೊಟ್ಟರು. ಅರ್ಧ ತಮಿಳು, ಅರ್ಧ ಇಂಗ್ಲಿಷ್. ಎರಡು ಭಾಷೆಗಳಲ್ಲಿ ಓದಿ ಬಂದವರಾದ್ದರಿಂದ ಅಕ್ಷರಗಳೇನೋ ನಮಗೆ ತಿಳಿದವು, ವಿಷಯ ತಿಳಿಯಲಿಲ್ಲ. ವಿಜ್ಞಾನದ ಮೇಷ್ಟರನ್ನು ಕರೆದೆವು. ಅವರ ಹಳೆಯ ಡೀಸೆಲ್ ಜೀಪಿಗೆ ಹಾಕಿದ್ದ ಟರ್ಬೊವನ್ನು ತೆಗೆದು ಸೂಪರ್‌ಚಾರ್ಜರ್ ಕೂರಿಸುವುದಕ್ಕೆ ಕೆಳಗಿನ ಊರಿನ ಗ್ಯಾರೇಜೊಂದು ಕೊಟ್ಟ ಲೆಕ್ಕ ಅದು. ಮೊತ್ತವೋ, ಎರಡು ಹಸು ಮಾರಿದರೂ ಸಾಲದು.

ಆ ಮನೆ ನಡೆಯುವುದು ಜೀಪಿನಿಂದ. ತಾಳವಾಡಿಯ ಕೋಸು, ಟೊಮೆಟೊಗಳನ್ನು ದಿಂಬಂ ಘಟ್ಟ ಇಳಿಸಿ ಸತ್ಯಮಂಗಲಕ್ಕೆ ಮುಟ್ಟಿಸುವುದು, ಬರುವಾಗ ಗೊಬ್ಬರದ ಮೂಟೆ ಹೇರಿಕೊಂಡು ಅದೇ 27 ತಿರುವುಗಳನ್ನು ಹತ್ತುವುದು. ಇಳಿಯುವಾಗ ತೊಂದರೆಯಿಲ್ಲ. ಹತ್ತುವುದೇ ಕಷ್ಟ. ಅದಕ್ಕೆಂದೇ ಎರಡು ವರ್ಷದ ಹಿಂದೆ, ಕಂಪನಿಯಿಂದ ಬಂದಾಗ ಇಲ್ಲದ ಟರ್ಬೊವನ್ನು ಹೊರಗಿನಿಂದ ಹಾಕಿಸಿದ್ದರು. ಮೊದಲ ತಿಂಗಳು ಜೀಪು ಹಾರಿಕೊಂಡು ಹತ್ತಿತಂತೆ. ಆಮೇಲೆ ಕಪ್ಪು ಹೊಗೆ, ಬೆಳಿಗ್ಗೆ ನೀಲಿ ಹೊಗೆ, ಹತ್ತನೆಯ ತಿರುವಿನಲ್ಲೇ ಕೊತಕೊತ ಕುದಿಯುವ ರೇಡಿಯೇಟರ್. ಹೊಸದನ್ನು ಹಾಕಿಸಬೇಕೆ, ಇದ್ದುದನ್ನು ಸರಿಪಡಿಸಬೇಕೆ? ಚೀಟಿಯ ಪ್ರಶ್ನೆ ಇಷ್ಟೆ. ಉತ್ತರ ಹೇಳಬೇಕಾದರೆ ಇವೆರಡೂ ಏನೆಂದು ಮೊದಲು ನಾವು ಕಲಿಯಬೇಕಾಯಿತು.

ವಿದ್ಯಾರ್ಥಿಗಳೇ, ನೀವು ಕುಲುಮೆಯನ್ನು ನೋಡಿದ್ದರೆ ಅರ್ಧ ಪಾಠ ಆದಂತೆಯೇ. ಕೆಂಡದ ಮೇಲೆ ಎಷ್ಟು ಇದ್ದಿಲು ಸುರಿದರೂ ತಿದಿ ಒತ್ತದೆ ಕಬ್ಬಿಣ ಕಾಯದು. ಇಂಜಿನ್ನಿನದೂ ಅದೇ ಕಥೆ. ಒಂದು ಕಿಲೋ ಡೀಸೆಲ್ ಪೂರ್ತಿಯಾಗಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಉರಿಯದೆ ಉಳಿದ ಡೀಸೆಲ್ ಕರಿಯಾಗಿ ಸೈಲೆನ್ಸರಿನಿಂದ ಹೊರಬರುತ್ತದೆ. ಕಪ್ಪು ಹೊಗೆ ಎಂದರೆ ಇದು. ಸಾಲದ್ದಕ್ಕೆ, ಎತ್ತರ ಹೋದಂತೆ ಗಾಳಿಯೂ ತೆಳುವಾಗುತ್ತದೆ. ದಿಂಬಂ ಸಾವಿರ ಮೀಟರಿಗಿಂತ ಮೇಲಿದೆ. ಸಮುದ್ರ ಮಟ್ಟದಲ್ಲಿ ಸಿಗುವ ಗಾಳಿಗಿಂತ ಅಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ. ಆದ್ದರಿಂದ ಗಾಳಿಯನ್ನು ಒತ್ತಿ, ಕುಗ್ಗಿಸಿ ಇಂಜಿನ್ನಿನ ಬಾಯಿಗೆ ತುಂಬಬೇಕು. ಈ ಕೆಲಸಕ್ಕೆ ಎರಡು ಬಗೆಯ ತಿದಿಗಳಿವೆ.

ಒಂದು ಸೂಪರ್‌ಚಾರ್ಜರ್. ಇದನ್ನು ಇಂಜಿನ್ನೇ ಬೆಲ್ಟಿನಿಂದಲೋ ಹಲ್ಲುಚಕ್ರದಿಂದಲೋ ತಿರುಗಿಸುತ್ತದೆ. ಇದರ ಒಂದು ಬಗೆಯನ್ನು ಅಮೆರಿಕದ ಇಂಡಿಯಾನಾ ಪ್ರಾಂತದ ರೂಟ್ಸ್ ಎಂಬ ಅಣ್ಣತಮ್ಮಂದಿರು 1860ರಲ್ಲಿ ಪೇಟೆಂಟ್ ಮಾಡಿಸಿದರು. ಆಗ ಮೋಟಾರು ಕಾರು ಎಂಬುದೇ ಇರಲಿಲ್ಲ. ಅವರ ಯಂತ್ರ ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಗಾಳಿ ಊದುತ್ತಿತ್ತು. ನಮ್ಮ ತಿದಿಯ ಹೋಲಿಕೆ ಬರಿಯ ಹೋಲಿಕೆಯಲ್ಲ, ಚರಿತ್ರೆಯೂ ಹೌದು. 1921ರಲ್ಲಿ ಮರ್ಸಿಡಿಸ್ ಕಂಪನಿ ಬರ್ಲಿನ್ನಿನ ಪ್ರದರ್ಶನದಲ್ಲಿ ಇಂಥ ಊದುಯಂತ್ರವಿದ್ದ ಕಾರುಗಳನ್ನು ತಂದಿಟ್ಟಿತು. ಇದರ ಗುಣವೆಂದರೆ, ಕಾಲು ಒತ್ತಿದ ಕ್ಷಣವೇ ಗಾಳಿ ಸಿಗುತ್ತದೆ. ದೋಷವೆಂದರೆ, ತಿದಿ ಒತ್ತುವ ಕೂಲಿಯನ್ನು ಇಂಜಿನ್ನೇ ತನ್ನ ಶಕ್ತಿಯಿಂದ ಕೊಡಬೇಕು.

ಇನ್ನೊಂದು ಟರ್ಬೊ. ಇದು ಕೂಲಿ ಕೇಳುವುದಿಲ್ಲ ಎನ್ನಬಹುದು. ನಾವು ಸುರಿದ ಡೀಸೆಲ್ಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಸೈಲೆನ್ಸರಿನ ದಾರಿ ಹಿಡಿದು ಸುಮ್ಮನೆ ಹೋಗುತ್ತದೆ. ಆ ಬಿಸಿ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಚಕ್ರವಿಟ್ಟು, ಅದೇ ಅಚ್ಚಿನ ಇನ್ನೊಂದು ತುದಿಗೆ ಗಾಳಿ ಒತ್ತುವ ಚಕ್ರವಿಟ್ಟರೆ ಹೋಗುವ ಹೊಗೆಯೇ ಬರುವ ಗಾಳಿಯನ್ನು ತಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರ್ ಇದಕ್ಕೆ 1905ರಲ್ಲೇ ಪೇಟೆಂಟ್ ಪಡೆದರು. ಆದರೆ ಕೆಲಸಕ್ಕೆ ಬರುವ ಯಂತ್ರವಾಗಲು ಇಪ್ಪತ್ತು ವರ್ಷ ಹಿಡಿಯಿತು. ಅಷ್ಟರೊಳಗೆ, 1918ರಲ್ಲಿ, ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಎಂಬವರು ವಿಮಾನದ ಇಂಜಿನ್ನೊಂದನ್ನು ಲಾರಿಯಲ್ಲಿ ಹೇರಿಕೊಂಡು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಬೆಟ್ಟ ಹತ್ತಿದರು. ಕೆಳಗೆ 350 ಕುದುರೆಶಕ್ತಿ ಕೊಡುತ್ತಿದ್ದ ಇಂಜಿನ್ ಮೇಲೆ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದಾಗ 356 ಬಂತು! ಘಟ್ಟದ ಮೇಲಿನ ನಮಗೆ ಈ ಮೂರು ಅಂಕಿಗಳಿಗಿಂತ ಬೇರೆ ವಿವರಣೆ ಬೇಕಿಲ್ಲ.

ಹಾಗೆಂದು ಟರ್ಬೊ ಸಾಧುಪ್ರಾಣಿಯಲ್ಲ. ಅದರ ಅಚ್ಚು ನಿಮಿಷಕ್ಕೆ ಒಂದು ಲಕ್ಷ ಸುತ್ತು, ಕೆಲವೊಮ್ಮೆ ಇನ್ನೂ ಹೆಚ್ಚು ತಿರುಗುತ್ತದೆ. ಡೀಸೆಲ್ ಗಾಡಿಯಲ್ಲಿ ಅದಕ್ಕೆ ತಗಲುವ ಹೊಗೆಯ ಬಿಸಿ ಆರುನೂರು, ಏಳುನೂರು ಡಿಗ್ರಿ. ಆ ಅಚ್ಚನ್ನು ಹಿಡಿದಿರುವುದು ತೆಳುವಾದ ಎಣ್ಣೆಯ ಪದರ ಮಾತ್ರ. ಎಣ್ಣೆ ಕೆಟ್ಟರೆ, ನಿಂತರೆ, ಕೊಳೆಯಾದರೆ ಕಥೆ ಮುಗಿಯಿತು. ಹೊಗೆಯ ರಭಸ ಏರುವವರೆಗೆ ಗಾಳಿಯೂ ಏರದಾದ್ದರಿಂದ ಕಾಲು ಒತ್ತಿದ ಮೇಲೆ ಒಂದು ಗಳಿಗೆ ಕಾಯಬೇಕು, ಅದೂ ಒಂದು ಕೊರತೆಯೇ.

ತೆಗೆದುಹಾಕುವ ಮಾತು ಬಂದಾಗ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಕಾರಿನ ನೆನಪಾಗುತ್ತದೆ. 1962ರಲ್ಲಿ ಬಂದ ಈ ಪೆಟ್ರೋಲ್ ಕಾರಿಗೆ ಕಂಪನಿಯೇ ಟರ್ಬೊ ಹಾಕಿತ್ತು. 3.5 ಲೀಟರಿನ ಇಂಜಿನ್, 215 ಕುದುರೆಶಕ್ತಿ. ಇಂಜಿನ್ನಿನೊಳಗಿನ ಒತ್ತಡ ಮೊದಲೇ ಹೆಚ್ಚು, ಮೇಲೆ ಟರ್ಬೊದ ಒತ್ತಡ. ಪೆಟ್ರೋಲು ಅಕಾಲದಲ್ಲಿ ಸಿಡಿಯದಂತೆ ತಂಪು ಮಾಡಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವೊಂದನ್ನು ಚಿಮುಕಿಸುವ ಏರ್ಪಾಡಿತ್ತು. ಡಬ್ಬಿ ಬರಿದಾದರೆ ಟರ್ಬೊದ ಒತ್ತಡ ತಾನಾಗಿ ತಗ್ಗುತ್ತಿತ್ತು. ಎಷ್ಟೋ ಜನ ಡಬ್ಬಿ ತುಂಬುವುದನ್ನೇ ಮರೆತರು, ಕಾರಿಗೆ ಶಕ್ತಿಯಿಲ್ಲವೆಂದು ದೂರಿದರು. ಕೊನೆಗೆ 1965ರಲ್ಲಿ ಕಂಪನಿಯೇ ಟರ್ಬೊ ಕಳಚಿ ಸಾಮಾನ್ಯ ಕಾರ್ಬ್ಯುರೇಟರ್ ಹಾಕಿಕೊಡಲು ಮುಂದಾಯಿತು. ಯಂತ್ರ ಕೆಟ್ಟದ್ದೆಂದು ನಾವು ಹೇಳಲಾರೆವು. ಅದಕ್ಕೆ ಬೇಕಾದ ಉಪಚಾರ ಸಿಗಲಿಲ್ಲ. ನಮ್ಮ ಜೀಪಿನಲ್ಲೂ ಅದೇ ಗುಮಾನಿ ಹುಟ್ಟಿತು.

ವಿಜ್ಞಾನದ ಮೇಷ್ಟರು ಒಂದು ಮಾತು ಕೇಳಿದರು: "ಗಾಳಿ ಎಲ್ಲಿ ಸೋರುತ್ತಿದೆ ಎಂದು ಯಾರಾದರೂ ನೋಡಿದ್ದಾರೆಯೆ?" ಯಾರೂ ನೋಡಿರಲಿಲ್ಲ. ಭಾನುವಾರ ಅವರ ಮನೆಯಂಗಳದಲ್ಲಿ, ನಮ್ಮ ಹಳೆಯ ವಿದ್ಯಾರ್ಥಿಯೇ ಆದ ಹಿರಿಯ ಮಗ ಜೀಪಿನ ಬಾನೆಟ್ ಎತ್ತಿದ. ಟರ್ಬೊದ ಗಾಳಿಬಾಯಿಗೆ ಬಿರಡೆ ಹಾಕಿ, ಪಂಕ್ಚರ್ ಅಂಗಡಿಯಿಂದ ತಂದ ಯಂತ್ರದಿಂದ ಸ್ವಲ್ಪವೇ ಸ್ವಲ್ಪ ಗಾಳಿ ಬಿಟ್ಟು, ಹೋಸ್ ಪೈಪುಗಳ ಮೇಲೆ ಸೋಪಿನ ನೀರು ಹಚ್ಚಿದೆವು. ಟ್ಯೂಬಿನ ತೂತು ಹುಡುಕುವ ಅದೇ ಉಪಾಯ. ಟರ್ಬೊದಿಂದ ಇಂಜಿನ್ನಿಗೆ ಹೋಗುವ ಪೈಪಿನ ತಳಭಾಗದಲ್ಲಿ ಬುಳುಬುಳನೆ ಗುಳ್ಳೆಯೆದ್ದಿತು. ಕೈಗೆ ಸಿಗದ ಕಡೆ ಬೆರಳುದ್ದ ಸೀಳು. ಒತ್ತಡ ಬಂದಾಗ ಮಾತ್ರ ಬಾಯಿ ಬಿಡುವಂಥದು.

ಒಂದು ಸಿಕ್ಕ ಮೇಲೆ ಉಳಿದವು ತಾವಾಗಿ ಬಂದವು. ಟರ್ಬೊದಿಂದ ಎಣ್ಣೆ ಹಿಂದಕ್ಕೆ ಇಳಿಯುವ ಪೈಪು ನೇರವಾಗಿ ಕೆಳಮುಖವಾಗಿರಬೇಕು, ಏಕೆಂದರೆ ಆ ಎಣ್ಣೆ ಇಳಿಯುವುದು ತನ್ನ ಭಾರದಿಂದ ಮಾತ್ರ. ಇಲ್ಲಿ ಅದನ್ನು ಎಲ್ಲೋ ಸುತ್ತಿಸಿ, ನಡುವೆ ಮೇಲಕ್ಕೆ ಬಾಗಿಸಿ ಕೂರಿಸಿದ್ದರು. ನಿಂತ ಎಣ್ಣೆ ಸೀಲು ದಾಟಿ ಒಳನುಗ್ಗಿ ಉರಿಯುತ್ತಿತ್ತು. ನೀಲಿ ಹೊಗೆಯ ಗುಟ್ಟು ಅದು. ಎಳೆತ ಸಾಲದೆಂದು ಡೀಸೆಲ್ ಪಂಪಿನ ತಿರುಪನ್ನು ಬೇರೆ ಯಾರೋ ಹೆಚ್ಚಿಸಿದ್ದರು. ಸೋರುವ ಗಾಳಿ, ಹೆಚ್ಚಾದ ಡೀಸೆಲ್: ಕಪ್ಪು ಹೊಗೆಯೂ ಕುದಿಯುವ ನೀರೂ ಇನ್ನೇನು ಕೇಳಬೇಕು?

ಕಡೆಯದನ್ನು ಮನೆಯಾಕೆ ಹೇಳಿದರು. ಘಟ್ಟ ಹತ್ತಿದ ಕೂಡಲೆ ಯಜಮಾನರು ಟೀ ಕುಡಿಯಲು ನಿಲ್ಲಿಸಿ ಕೀಲಿ ತಿರುಗಿಸಿಬಿಡುತ್ತಾರೆ. ಕೆಂಪಗೆ ಕಾದ ಟರ್ಬೊಗೆ ಎಣ್ಣೆ ತಟ್ಟನೆ ನಿಂತು, ಒಳಗೆ ಉಳಿದದ್ದು ಸೀದು ಕರಿಯಾಗಿ ಅಂಟುತ್ತದೆ. ಗಾಡಿ ಎರಡು ಮೂರು ನಿಮಿಷ ಸುಮ್ಮನೆ ಓಡುತ್ತಿದ್ದರೆ ಅದು ತಣಿಯುತ್ತದೆ.

ಈಗ ಚೀಟಿಗೆ ಬರೋಣ. ಸೂಪರ್‌ಚಾರ್ಜರ್ ಹಾಕಿದ್ದರೆ ಇವುಗಳಲ್ಲಿ ಯಾವುದು ಸರಿಹೋಗುತ್ತಿತ್ತು? ಸೀಳಿದ ಪೈಪಿನಲ್ಲಿ ಅದರ ಗಾಳಿಯೂ ಸೋರುತ್ತಿತ್ತು. ಹೆಚ್ಚಾದ ಡೀಸೆಲ್ ಹೆಚ್ಚಾಗಿಯೇ ಇರುತ್ತಿತ್ತು. ಗಾಳಿ ತುಂಬಿಸಿಕೊಳ್ಳಲೆಂದು ಕಟ್ಟಿರದ ಇಂಜಿನ್ನಿನ ಹೆಡ್ ಗ್ಯಾಸ್ಕೆಟ್ಟಿಗೆ, ಒತ್ತುವ ತಿದಿ ಯಾವುದಾದರೂ ಹೊರೆ ಒಂದೇ. ಎಣ್ಣೆಯ ಪೈಪಿನ ತಂಟೆ ತಪ್ಪುತ್ತಿತ್ತು, ನಿಜ. ಅದಕ್ಕಾಗಿ ಹೊಸ ಬೆಲ್ಟು, ಪುಲ್ಲಿ, ಅದನ್ನು ಹಿಡಿಯುವ ಕಬ್ಬಿಣದ ಕಟ್ಟು ಎಲ್ಲವನ್ನೂ ಹೊಸದಾಗಿ ಮಾಡಿಸಬೇಕು; ಹಳೆಯ ಜೀಪಿಗೆ ಹೊಂದುವ ಬಿಡಿಭಾಗ ಈ ಕಡೆ ಅಂಗಡಿಯಲ್ಲಿ ಸಿಗುವಂಥದಲ್ಲ. ನಿಂತ ಜಾಗದಿಂದ ಚಿಮ್ಮಬೇಕಾದ ಓಟದ ಕಾರಿಗೆ ಸೂಪರ್‌ಚಾರ್ಜರ್ ಚೆನ್ನ. ಗಂಟೆಗಟ್ಟಲೆ ಭಾರ ಹೊತ್ತು ಏರುವ ಗಾಡಿಯಲ್ಲಿ ಹೊಗೆ ಸದಾ ರಭಸವಾಗಿರುತ್ತದೆ. ಅಲ್ಲಿ ಟರ್ಬೊ ಕಾಯಿಸುವುದು ಕಡಿಮೆ, ಡೀಸೆಲ್ಲೂ ಉಳಿತಾಯ. ಗಾಡಿಯ ಇಂಜಿನ್ನಿನಲ್ಲಿ ಇಂಥ ಬದಲಾವಣೆ ಮಾಡಿಸುವವರು ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನೂ ಓದಿಕೊಳ್ಳಬೇಕು ಎಂದು ಪಾಲಕರಿಗೆ ಸೂಚಿಸುತ್ತೇವೆ. ನಮ್ಮ ಚೀಟಿಯಲ್ಲಿ ಆ ಮಾತೇ ಇರಲಿಲ್ಲ.

ಹೊಸ ಹೋಸ್ ಪೈಪು, ಗಟ್ಟಿಯಾದ ಎರಡು ಕ್ಲಿಪ್ಪು, ನೆಟ್ಟಗೆ ಇಳಿಸಿದ ಎಣ್ಣೆಯ ಪೈಪು, ಹೊಸ ಆಯಿಲ್ ಮತ್ತು ಫಿಲ್ಟರು ಆದವು. ತಿರುಪನ್ನು ಪಂಪಿನ ಅಂಗಡಿಯಲ್ಲಿ ಮೊದಲಿನ ಗುರುತಿಗೆ ತಂದರು. ಎಲ್ಲಾ ಸೇರಿ ಚೀಟಿಯ ಮೊತ್ತದ ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಜೀಪು ಈಗ ಕುದಿಯದೆ ಘಟ್ಟ ಹತ್ತುತ್ತದೆ. ಬೆಳಿಗ್ಗೆ ಮಾತ್ರ ಎಳೆಯಷ್ಟು ನೀಲಿ ಹೊಗೆ ಇನ್ನೂ ಇದೆ. ಅಚ್ಚು ಸ್ವಲ್ಪ ಸವೆದಿದೆ, ಇನ್ನೊಂದು ಬೆಳೆ ಕಳೆದ ಮೇಲೆ ಟರ್ಬೊ ಬಿಚ್ಚಿಸಿ ನೋಡುವೆನೆಂದು ಹುಡುಗ ಹೇಳುತ್ತಾನೆ. ಅವನ ತಂದೆ ದಿಂಬಂನಲ್ಲಿ ಟೀ ಕುಡಿಯುವಾಗ ಜೀಪು ಹೊರಗೆ ಗುರ್ ಎನ್ನುತ್ತಾ ನಿಂತಿರುತ್ತದೆಯಂತೆ. ಕೀಲಿ ತೆಗೆಯಲು ಮರೆತಿದ್ದೀರಿ ಎಂದು ಅಂಗಡಿಯವರು ದಿನವೂ ನೆನಪಿಸುತ್ತಾರಂತೆ.