ಮಕ್ಕಳ ಕ್ರಿಕೆಟ್: ವೇಗಕ್ಕೆ ಬಿಡುವೂ ಬೇಕು

ಪುಣೆ: ಡೆಕ್ಕನ್ ಜಿಮ್‌ಖಾನಾದಿಂದ ಹಿಡಿದು ನಗರದ ಮೈದಾನಗಳಲ್ಲೆಲ್ಲ ಕ್ರಿಕೆಟ್ ಕಲಿಯುವವರಲ್ಲಿ ತುಳು-ಕನ್ನಡಿಗರ ಮಕ್ಕಳೂ ಇದ್ದಾರೆ. ಎರಡು ಹೊತ್ತೂ ಓಡಿಸಿದರೆ ವೇಗ ಹೆಚ್ಚುತ್ತದೆಂಬುದು ಹಲವು ಪಾಲಕರ ನಂಬಿಕೆ. ವಾಸ್ತವ ಬೇರೆ.

ಕ್ರೀಸಿನಿಂದ ಕ್ರೀಸಿಗೆ 17.68 ಮೀಟರ್, ಮೂರು ರನ್ನೆಂದರೆ ಎರಡು ತಿರುವುಗಳ ಸಹಿತ 53 ಮೀಟರ್. ಇಂತಹ ಬಿರುಸಿನ ಓಟಕ್ಕೆ ಸ್ನಾಯುಗಳಲ್ಲಿರುವ ಶಕ್ತಿಯ ದಾಸ್ತಾನು ಕೆಲವೇ ಸೆಕೆಂಡುಗಳಲ್ಲಿ ಕರಗುತ್ತದೆ. ಮತ್ತೆ ತುಂಬಲು 3ರಿಂದ 5 ನಿಮಿಷ ಬೇಕು. ಬಿಡುವಿಲ್ಲದೆ ಓಡಿದ ಹುಡುಗ ದಣಿವು ಸಹಿಸಲು ಕಲಿತಾನು, ವೇಗ ಗಳಿಸಲಾರ. ದಣಿದ ಮೈಯಲ್ಲೇ ವೇಗದ ಬೌಲಿಂಗ್ ಮುಂದುವರಿಸಿದರೆ ಎಳೆಯ ಬೆನ್ನುಮೂಳೆಯಲ್ಲಿ ಬಿರುಕು ಬೀಳುವ ಅಪಾಯವಿದೆ.

ಪ್ರತಿ ಓಟದ ಸಮಯವನ್ನು ಗಡಿಯಾರ ಹಿಡಿದು ನೋಡಿ. ಹೆಚ್ಚುತ್ತಾ ಹೋದರೆ ಅಂದಿನ ಓಟ ಅಲ್ಲಿಗೆ ಸಾಕು. ವಿಶ್ರಾಂತಿಯೂ ತರಬೇತಿಯ ಭಾಗವೆಂಬುದನ್ನು ಪಾಲಕರು ಮನಗಾಣಬೇಕಾಗಿದೆ.